ಪ್ಲೆನ್ ಏರ್

ಫ್ರೆಂಚರ ‘ಪ್ಲೆನ್ ಏರ್’ ಎಂಬ ಪದಯುಗ್ಮಕ್ಕೆ ಅಕ್ಷರಶಃ ‘ತುಂಬಿದ ಗಾಳಿ’ ಎಂದರ್ಥ. ಇದರ ಪೂರ್ವಪದವು ಲ್ಯಾಟಿನ್ನಿನ ‘ಪ್ಲೇನುಸ್’ ಶಬ್ದದಿಂದ ಬಂದುದು, ಆ ಶಬ್ದವಾದರೋ ಸಂಸ್ಕೃತದ ‘ಪೂರ್ಣ’ಕ್ಕೆ ಒಡಹುಟ್ಟು ಎಂಬುದನ್ನು ನೆನೆದಾಗ ನನಗದು ಪರದೇಶದ ನುಡಿಯೆನಿಸುವುದೇ ಇಲ್ಲ. ವ್ಯವಹಾರದಲ್ಲಿ ಅದು ಬಟ್ಟಬಯಲು. ಚಿತ್ರಕಲೆಯಲ್ಲಿ, ನಾಲ್ಕು ಗೋಡೆಗಳನ್ನು ತೊರೆದು ದೃಶ್ಯದ ಎದುರಿಗೇ ಕುಳಿತು ಬರೆಯುವ ಪದ್ಧತಿ. 1841ರಲ್ಲಿ ಜಾನ್ ಗಾಫ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರನು ತವರದ ಕೊಳವೆಯಲ್ಲಿ ಎಣ್ಣೆವರ್ಣವನ್ನು ತುಂಬಿಡುವ ಉಪಾಯಕ್ಕೆ ಪೇಟೆಂಟ್ ಪಡೆದ ಮೇಲೆ, ಹಂದಿಯ ಮೂತ್ರಕೋಶದ ಚೀಲಗಳಲ್ಲಿ ಒಣಗಿಹೋಗುತ್ತಿದ್ದ ಬಣ್ಣವು ಕಲಾವಿದನ ಪೆಟ್ಟಿಗೆಯೇರಿ ಹೊಲಗದ್ದೆಗಳಿಗೆ ಹೊರಟಿತು. ಫ್ರೆಂಚ್ ಚಿತ್ರಕಾರ ದೋಬಿನ್ಯಿಯು ವಾಜ್ ನದಿಯಲ್ಲಿ ದೋಣಿಯೊಂದನ್ನೇ ಕಲಾಶಾಲೆಯಾಗಿ ಮಾಡಿಕೊಂಡನು. ಚಿತ್ರಕಾರ ಪಿಸಾರೊ ಪೊಂತ್ವಾಜ್ ಊರಿನ ಕಾಯಿಪಲ್ಲೆಯ ತೋಟಗಳಲ್ಲಿ ನಿಂತನು.

ಈ ‘ಪ್ಲೆನ್ ಏರ್’ ಪದ್ಧತಿಯನ್ನು ‘ಹೊರಾಂಗಣ ಚಿತ್ರಣ’ವೆಂದು ಕನ್ನಡಿಸಿದರೆ ಅರ್ಥವೇನೋ ಉಳಿಯುತ್ತದೆ, ಗಾಳಿ ಉಳಿಯದು, ‘ಬಯಲುಚಿತ್ರ’ವೆಂಬುದೇ ನನಗೆ ಪ್ರಿಯವಾದುದು. ಆ ಗಾಳಿಯಾದರೋ ಚಿತ್ರದೊಳಗೇ ಉಳಿದುದುಂಟು: ಚಿತ್ರಕಾರ ಮೊನೆಯು 1870ರಲ್ಲಿ ತ್ರೂವಿಲ್‌ನ ಕಡಲತಡಿಯಲ್ಲಿ ಬರೆದ, ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಕಿರುಚಿತ್ರವೊಂದರ ಹಸಿಬಣ್ಣದಲ್ಲಿ ಅಂದು ಬೀಸಿದ ಗಾಳಿ ತಂದು ಹೂತಿಟ್ಟ ಮರಳಿನ ಕಣಗಳು ಇಂದಿಗೂ ಅಲ್ಲಿಯೇ ಕಚ್ಚಿಕೊಂಡಿವೆ.