ಬೀಜದ ಹೋರಿ

ಸಂಸ್ಕೃತದ ‘ಬೀಜ’ವೂ ಹಳಗನ್ನಡದ ‘ಪೋರಿ’ಯಿಂದ ಬಂದ ‘ಹೋರಿ’ಯೂ ಕೂಡಿದ ಈ ಮಾತಿನಲ್ಲಿ ಬೀಜವೆಂದರೆ ವಂಶಮೂಲವೂ ಹೌದು, ವೃಷಣವೂ ಹೌದು, ಉಳುಮೆಗೆಂದು ಬೀಜ ಒಡೆಸಿದ್ದು ಎತ್ತಾಗುವುದು, ಮೈಕಟ್ಟು, ನಡಿಗೆ, ತಾಯ ಕೆಚ್ಚಲುಗಳನ್ನು ನೋಡಿ ಒಡೆಸದೆ ಉಳಿಸಿದ್ದು ಬೀಜದ ಹೋರಿಯೆನಿಸುವುದು. ಆದರೆ ರಕ್ತದೊಳಗೆ ಅಡಗಿದ ದೋಷವನ್ನು ಆರಿಸುವವನ ಕಣ್ಣು ಅರಿಯುವುದೆಂತು? 1952ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಸ್ಬಾರ್ನ್‌ಡೇಲ್ ಐವನ್‌ಹೋ ಎಂಬ ಪ್ರಖ್ಯಾತ ಹೋಲ್‌ಸ್ಟೀನ್ ಹೋರಿಯು, ಬಿಳಿಯ ರಕ್ತಕಣಗಳು ಸೋಂಕಿನೆಡೆಗೆ ಧಾವಿಸಲಾರದಂತೆ ಮಾಡುವ ‘ಬ್ಲಾಡ್’ ಎಂಬ ವ್ಯಾಧಿಯ ಸುಪ್ತ ಜೀನನ್ನು, ತಾನು ನಿರೋಗಿಯಾಗಿದ್ದುಕೊಂಡೇ, ಕೃತಕ ಗರ್ಭಧಾರಣೆಯ ದೆಸೆಯಿಂದ ಹಲವು ದೇಶಗಳ ಮಂದೆಗಳಿಗೆ ಹಂಚಿತು. ತಂದೆತಾಯಿಗಳಿಬ್ಬರಿಂದಲೂ ಅದನ್ನು ಪಡೆದ ಕರು ಎಳವೆಯಲ್ಲಿಯೇ ಸಾಮಾನ್ಯವಾಗಿ ಅಳಿಯುತ್ತಿತ್ತು. ಈಗ ನಮ್ಮ ವೀರ್ಯಸಂಗ್ರಹಣ ಕೇಂದ್ರಗಳಲ್ಲಿಯೂ, ಡಿ.ಎನ್.ಎ. ಪರೀಕ್ಷೆಯಲ್ಲಿ ವಾಹಕವೆಂದು ಕಂಡುಬಂದ ಹೋರಿ, ರೂಪದಲ್ಲಿ ಎಷ್ಟೇ ಭವ್ಯವಾಗಿರಲಿ, ಬೀಜಕ್ಕೆ ಸಲ್ಲದು.