ಮನೆಯ ಬಂದೂಕಿನ ಮೂಲವಿಚಾರ

ಮಹಾನವಮಿಯಂದು ದೇವರ ಜಗುಲಿಯ ಮುಂದೆ ಖಡ್ಗ ಕಠಾರಿಗಳೊಡನೆ ಹಿರಿಯರ ಕಾಲದ ಬಂದೂಕನ್ನೂ ಇರಿಸಿ, ವಿಭೂತಿ ಕುಂಕುಮಗಳನ್ನಿಟ್ಟು ಹೂವೇರಿಸುವದು ಆಯುಧವುಳ್ಳ ಮನೆಗಳಲ್ಲಿ ಹೊಸ ಮಾತಲ್ಲ. ಪೂಜೆ ಮುಗಿದ ಬಳಿಕ ಮನೆಯ ಮಕ್ಕಳು, “ಅಜ್ಜಾ, ಇದು ಎಲ್ಲಿಂದ ಬಂತು?” ಎಂದು ಕೇಳುವರು. “ಸುರಪುರದ ಯುದ್ಧದಲ್ಲಿ ನಮ್ಮ ಹಿರಿಯರು ಹಿಡಿದದ್ದು” ಎಂಬ ಉತ್ತರವು ಕೂಡಲೆ ದೊರೆಯುವದು. ಆ ಉತ್ತರವು ನಿಜವೋ ಅಲ್ಲವೋ ಎಂಬದನ್ನು ತಿಳಿಯುವ ಬಗೆ ಯಾವದು? ವಿಷಯವು ಅಲ್ಪವೆಂದು ತೋರಬಹುದು. ಆದರೆ ಒಂದು ಕುಲದ ಅಭಿಮಾನವೆಲ್ಲ ಕೆಲವೊಮ್ಮೆ ಇಂಥ ಒಂದು ವಸ್ತುವನ್ನೇ ಆಶ್ರಯಿಸಿ ನಿಂತಿರುವದರಿಂದ, ಇದನ್ನು ಸಾವಧಾನದಿಂದ ವಿಚಾರಿಸತಕ್ಕದ್ದಾಗಿದೆ.

ಗುರುಗುಂಟಾ ಎಂದೊಡನೆ ಭಕ್ತರಿಗೆ ಅಮರೇಶ್ವರನ ನೆನಪಾಗುವದು. ಇತಿಹಾಸಜ್ಞರಿಗೆ ನಿಜಾಮರಿಗೆ ಕಪ್ಪವನ್ನೊಪ್ಪಿಸುತ್ತಿದ್ದ ನಾಯಕರ ಸಂಸ್ಥಾನದ ನೆನಪಾಗುವದು. ಅದರ ನೆರೆಯ ಲಿಂಗಸುಗೂರಿನಲ್ಲಿ ಹೈದರಾಬಾದ ಕಂಟಿಂಜೆಂಟ ಎಂಬ ದಂಡಿನ ಛಾವಣಿಯಿತ್ತು. ಈ ದಂಡು ನಿಜಾಮರ ಹೆಸರಿನದು. ಅದರ ಅಧಿಕಾರಿಗಳು ಇಂಗ್ಲಿಷರು. 1853ರ ಒಡಂಬಡಿಕೆಯಿಂದ ರಾಯಚೂರು ದೋಆಬವು ಇಂಗ್ಲಿಷರ ಆಡಳಿತಕ್ಕೆ ಒಳಪಟ್ಟು, 1860ರಲ್ಲಿ ನಿಜಾಮರಿಗೆ ಮರಳಿತು. ಈ ಏಳು ವರ್ಷಗಳ ನಡುವೆಯೇ ಸುರಪುರದ ಪ್ರಸಂಗವು ನಡೆಯಿತು. 1858ನೆಯ ಫೆಬ್ರುವರಿ 7ರ ರಾತ್ರಿ, ತರುಣನಾದ ರಾಜಾ ವೆಂಕಟಪ್ಪ ನಾಯಕನ ಕಡೆಯವರು ಕಪ್ತಾನ ವಿಂಡಮನ ದಂಡಿನ ಮೇಲೆ ಬಿದ್ದರು. ಮರುದಿನದ ಕಾಳಗದಲ್ಲಿ ಕಪ್ತಾನ ನ್ಯೂಬೆರಿ ಮಡಿದನು. ರಾಜನು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕು, ಅದೇ ವರ್ಷ ಗುಂಡೇಟಿನಿಂದ ಮರಣಹೊಂದಿದನು.

ಇದಕ್ಕೆ ಮೊದಲೇ ಆಯುಧಗಳನ್ನು ಕಸಿದುಕೊಳ್ಳುವ 1857ರ ಕಾಯಿದೆಯು ಬಂದಿತ್ತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಹತಾರುಗಳನ್ನು ಒಪ್ಪಿಸಲೊಲ್ಲದೆ ಆ ವರ್ಷದ ನವೆಂಬರಿನಲ್ಲಿ ದಂಡನ್ನೆದುರಿಸಿದರು. ಊರು ಸುಟ್ಟುಹೋಯಿತು, ಅನೇಕರು ಗಲ್ಲಿಗೇರಿದರು, ಅವರ ಕಥೆಯು ಲಾವಣಿಯಾಗಿ ಉಳಿಯಿತು. ಆಯುಧವೆಂಬದು ಆ ಜನರಿಗೆ ಬರಿಯ ಕಬ್ಬಿಣವಾಗಿರದೆ ವೃತ್ತಿಯೂ ಮಾನವೂ ಆಗಿತ್ತೆಂಬದನ್ನು ಇದರಿಂದ ತಿಳಿಯಬಹುದು.

ಇನ್ನು ಪರೀಕ್ಷೆಯ ಕ್ರಮ. ನ್ಯಾಯಶಾಸ್ತ್ರದವರು ಪ್ರತ್ಯಕ್ಷ, ಅನುಮಾನ, ಶಬ್ದಗಳೆಂಬ ಪ್ರಮಾಣಗಳನ್ನು ಹೇಳಿರುವರಷ್ಟೆ. ಬಂದೂಕಿನ ವಿಷಯದಲ್ಲಿಯೂ ಇವೇ ಸಾಕು.

ಮೊದಲನೆಯದು ಪ್ರತ್ಯಕ್ಷ. ಬಾಯಿಯಿಂದ ಮದ್ದು ತುಂಬುವ ಹಳೆಯ ಬಂದೂಕುಗಳಲ್ಲಿ ಎಂದೋ ತುಂಬಿದ ಮದ್ದು ಗುಂಡುಗಳು ಹಾಗೆಯೇ ಉಳಿದಿರುವದುಂಟು. ಆದದ್ದರಿಂದ ತಿಳಿದವರಿಂದ ಅದನ್ನು ನೋಡಿಸಿದ ಹೊರತು ಮುಂದಿನ ಕೆಲಸಕ್ಕೆ ಕೈಹಾಕಬಾರದು. ಬಳಿಕ ಕುದುರೆಯ ಬದಿಯ ಉಕ್ಕಿನ ತಗಡನ್ನು ಎಣ್ಣೆಬಟ್ಟೆಯಿಂದ ಮೆಲ್ಲನೆ ಒರಸಬೇಕು. ಉಪ್ಪುಕಾಗದದಿಂದ ತಿಕ್ಕಿದರೆ ತುಕ್ಕಿನೊಡನೆ ಲಿಪಿಯೂ ಹೋಗುವದು. ಕಿರೀಟವನ್ನು ಹಿಡಿದು ನಿಂತ ಸಿಂಹವಿದ್ದರೆ ಅದು ಕಂಪನಿ ಸರಕಾರದ ಗುರುತು. ಕಿರೀಟದ ಕೆಳಗೆ ರಾಣಿಯ ಹೆಸರಿನ ‘ವಿ. ಆರ್.’ ಅಕ್ಷರಗಳೂ, ‘ಟವರ್’ ಎಂಬ ಶಬ್ದವೂ, ಇಸವಿಯೂ ಇದ್ದರೆ ಅದು ಇಂಗ್ಲೆಂಡಿನ ರಾಜಶಸ್ತ್ರಾಲಯದ ಮುದ್ರೆ. ಅನುಕರಣದ ಬಂದೂಕುಗಳಲ್ಲಾದರೋ ಅಕ್ಷರಗಳು ತಿರುಗುಮುರುಗಾಗಿರುವದುಂಟು.

ಆಮೇಲೆ ನಳಿಗೆಯ ಬಾಯನ್ನು ಅಳೆಯಬೇಕು. 1853ನೆಯ ಮಾದರಿಯ ಎನ್‌ಫೀಲ್ಡ್ ರೈಫಲಿನ ನಳಿಗೆಯ ಉದ್ದ 39 ಅಂಗುಲ. ಬಾಯಿಯ ಅಗಲ 0.577 ಅಂಗುಲ, ಒಳಗೆ ತಿರುಚಿಕೊಂಡು ಹೋಗುವ ಮೂರು ಗೀರುಗಳು. ಇದರ ಕೊಬ್ಬು ಸವರಿದ ತೋಟೆಗಳ ವಿಷಯದಲ್ಲಿಯೇ 1857ರಲ್ಲಿ ಸಿಪಾಯಿಗಳು ಕ್ಷೋಭೆಗೊಂಡರು. ಆ ದಂಗೆಯ ತರುವಾಯ ದೂರದ ಗುರಿಯ ರೈಫಲನ್ನು ದೇಶೀಯ ಸಿಪಾಯಿಗಳ ಕೈಗೆ ಕೊಡಲು ಇಂಗ್ಲಿಷರು ಹಿಂಜರಿದು, ನೋಟಕ್ಕೆ ಅದರಂತೆಯೇ ಇದ್ದು ಒಳಗೆ ಗೀರುಗಳಿಲ್ಲದ, ಸುಮಾರು 0.65 ಅಂಗುಲ ಬಾಯುಳ್ಳ ಬಂದೂಕುಗಳನ್ನು ಮಾಡಿಸಿದರು. ಹೀಗೆ ಒಂದು ನಳಿಗೆಯ ನುಣುಪಿನಲ್ಲಿ ಒಂದು ಸಾಮ್ರಾಜ್ಯದ ಅಪನಂಬಿಕೆಯೇ ಅಡಗಿದೆ.

ಎರಡನೆಯದು ಅನುಮಾನ. ತಗಡಿನ ಮೇಲೆ 1862 ಎಂದಿದ್ದರೆ ಆ ಬಂದೂಕು 1858ರ ಸುರಪುರದ ಯುದ್ಧದಲ್ಲಿ ಇರಲಿಲ್ಲವೆಂಬದು ಬಹುಮಟ್ಟಿಗೆ ನಿಶ್ಚಯ. ಬೇರೆ ಬಂದೂಕಿನ ತಗಡನ್ನು ಕೂಡಿಸಿದ್ದರೆ ಮಾತ್ರ ಇದಕ್ಕೆ ವಿನಾಯಿತಿ. ಆದರೆ 1856 ಎಂದಿದ್ದ ಮಾತ್ರದಿಂದ ಅದು ಅಲ್ಲಿತ್ತೆಂದು ಸಾಧಿಸಬರುವದಿಲ್ಲ. ಇಸವಿಯು ವಸ್ತುವಿನ ಹುಟ್ಟನ್ನು ಹೇಳುವದಲ್ಲದೆ ಅದರ ಸಂಚಾರವನ್ನು ಹೇಳದು. ಅಲ್ಲಿತ್ತೆಂದೇ ಒಪ್ಪಿದರೂ ಯಾರ ಕೈಯಲ್ಲಿತ್ತು? ಛಾವಣಿಯು ನೆರೆಯಲ್ಲಿಯೇ ಇದ್ದುದರಿಂದ, ಹಿರಿಯನು ರಾಜನ ಪಕ್ಷದವನಾಗಿರದೆ ಕಂಟಿಂಜೆಂಟಿನ ಸಿಪಾಯಿಯಾಗಿದ್ದಿರಲೂಬಹುದು. ಈ ಸಂಶಯವನ್ನು ಸಹಿಸಲಾರದವನು ಶೋಧನೆಗೆ ತೊಡಗದಿರುವದೇ ಲೇಸು.

ಮೂರನೆಯದು ಶಬ್ದ. ಹಿಡಿಯ ಮರದಲ್ಲಿ ಕೊರೆದ ಪಲಟಣದ ಅಂಕಗಳು, ಮನೆಯ ಕಡತದೊಳಗಿನ ಮೋಡಿಯ ಇಲ್ಲವೆ ಉರ್ದುವಿನ ಕಾಗದಗಳು, ಹಳೆಯ ಪರವಾನಗಿಗಳು, ಹೈದರಾಬಾದಿನ ಪತ್ರಾಗಾರದ ದಫ್ತರಗಳು, ಲಂಡನ್ನಿನಲ್ಲಿರುವ ಇಂಡಿಯಾ ಆಫೀಸಿನ ಲೇಖನಗಳು ಈ ವರ್ಗಕ್ಕೆ ಸೇರಿದವು. ವೃದ್ಧರ ಮಾತನ್ನೂ ಬರೆದಿಡಬೇಕು. ಆದರೆ ಯಾರು ಯಾರಿಂದ ಕೇಳಿದರೆಂಬದನ್ನು ಸಹ ಬರೆಯಬೇಕು.

ನೆರೆಯ ಮಸ್ಕಿಯ ಬಂಡೆಯು ಶತಮಾನಗಳ ಕಾಲ ಮೌನವಾಗಿತ್ತು. 1915ರಲ್ಲಿ ಗಣಿಯ ಎಂಜಿನಿಯರನಾದ ಬೀಡನ್ ಎಂಬವನು ಆ ಶಾಸನವನ್ನು ಕಂಡನು. ಅದರಲ್ಲಿದ್ದ ಅಶೋಕನೆಂಬ ಒಂದೇ ಹೆಸರು ದೇವಾನಾಂಪ್ರಿಯನು ಯಾರೆಂಬ ಸಂದೇಹವನ್ನು ಕಳೆಯಿತು. ಬಂಡೆಗೆ ಸಲ್ಲುವ ನ್ಯಾಯವು ಬಂದೂಕಿಗೂ ಸಲ್ಲತಕ್ಕದ್ದು.

ಗುರುಗುಂಟಾ ಮೊದಲಾದ ಸಂಸ್ಥಾನಗಳ ಕಾಲವು ಜಹಗೀರುಗಳು ರದ್ದಾದ 1949ರೊಡನೆ ಮುಗಿಯಿತು. ಉಳಿದ ಆಯುಧಗಳಿಗೆ 1959ರ ಕಾಯಿದೆಯು ಅನ್ವಯಿಸುವದರಿಂದ, ದುರಸ್ತಿ ಮಾಡಿದರೂ ಹಾರದಂತಹ ಪುರಾತನ ಆಯುಧಕ್ಕೆ ವಿನಾಯಿತಿಯಿದ್ದರೂ, ಅದನ್ನು ನಿರ್ಣಯಿಸುವವರು ಅಧಿಕಾರಿಗಳೆಂಬದನ್ನು ಮನೆಯವರು ಮರೆಯಬಾರದು.

ಶೋಧನೆಯ ಕಡೆಯಲ್ಲಿ ಮನೆಯ ಮಾತು ಸುಳ್ಳಾದರೆ ಹಿರಿಯರಿಗೆ ಅವಮಾನವಾಯಿತೆಂದು ಬಗೆಯಬೇಕಾದದ್ದಿಲ್ಲ. ಬಂದೂಕು ಆ ಯುದ್ಧದ್ದಲ್ಲವೆಂದರೆ ಹಿರಿಯನು ಯುದ್ಧದಲ್ಲಿರಲಿಲ್ಲವೆಂದಾಗದು. ಇಲ್ಲದ ಕೀರ್ತಿಯನ್ನು ಹೊರಿಸಿ ಪೂಜಿಸುವದಕ್ಕಿಂತ, ಇದ್ದ ಹಿರಿಯನನ್ನು ಇದ್ದಂತೆ ಅರಿತು ನಮಿಸುವದೇ ಪಿತೃಋಣವನ್ನು ತೀರಿಸುವ ಸರಿಯಾದ ಮಾರ್ಗವು. ಮುಂದಿನ ಮಹಾನವಮಿಯಂದು ಮಕ್ಕಳು ಕೇಳಿದಾಗ, “ಇಷ್ಟು ತಿಳಿದಿದೆ, ಉಳಿದದ್ದನ್ನು ನೀವು ಹುಡುಕಿರಿ” ಎನ್ನಬಲ್ಲ ಅಜ್ಜನಿರುವ ಮನೆಯು ಧನ್ಯವು.