ಟೆಲೆಕ್ಸಿನ ಹರಟೆ, ವಾಟ್ಸಾಪಿನ ದಾಖಲೆ

ಯಾವ ಆಫೀಸಿನಲ್ಲಾದರೂ ಎರಡು ಬಗೆಯ ಮಾತು ಇರುತ್ತದೆ. ಫೈಲಿನಲ್ಲಿ ಬರೆಯುವ ಮಾತು ಒಂದು, ಕ್ಯಾಂಟೀನಿನಲ್ಲಿ ಆಡುವ ಮಾತು ಇನ್ನೊಂದು. ಬರೆದದ್ದಕ್ಕೆ ಸಹಿ, ತಾರೀಖು, ರೆಫರೆನ್ಸ್ ನಂಬರು ಇರ್ತಿತ್ತು. ಆಡಿದ್ದು ಸಂಜೆಯ ಲೋಕಲ್ ಹಿಡಿಯುವಷ್ಟರಲ್ಲಿ ಮರೆತುಹೋಗುತ್ತಿತ್ತು. ಮುಂಬಯಿಯಲ್ಲಿ ಬ್ಯಾಂಕ್ ಕೆಲಸ ಮಾಡಿದ ಮೂವತ್ತೆಂಟು ವರ್ಷಗಳಲ್ಲಿ ನಾನು ಕಂಡ ದೊಡ್ಡ ಬದಲಾವಣೆ ಕಂಪ್ಯೂಟರ್ ಬಂದದ್ದಲ್ಲ. ಈ ಎರಡು ಮಾತುಗಳ ನಡುವಿನ ಗೆರೆ ಅಳಿಸಿಹೋದದ್ದು.

ಮೊದಲು ಬಂದದ್ದು ತಂತಿ. ಭಾರತದಲ್ಲಿ 1855ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಪದಕ್ಕಿಷ್ಟು ಅಂತ ಕಾಸು ಕೊಡಬೇಕಾದ ಕಡೆ ಸಲಿಗೆಗೆ ಜಾಗವೆಲ್ಲಿ? ಬ್ಯಾಂಕಿನವರಿಗೆ ತಂತಿ ಅಂದರೆ ಟಿ.ಟಿ., ಅಂದರೆ ಟೆಲಿಗ್ರಾಫಿಕ್ ಟ್ರಾನ್ಸ್‌ಫರ್. ಗುಪ್ತ ಸಂಖ್ಯೆ ತಾಳೆಯಾದರೆ ಮಾತ್ರ ದುಡ್ಡು. ಊರು ಬಿಟ್ಟು ಬಂದ ನಮಗೆ ತಂತಿ ಅಂದರೆ ಎದೆ ಧಸಕ್ಕೆನ್ನುವ ಸಂಗತಿ. 2013ರ ಜುಲೈಯಲ್ಲಿ ಅದನ್ನು ನಿಲ್ಲಿಸಿದಾಗ ಬೇಸರವಾಯಿತು ನಿಜ, ಆದರೆ ಆ ಭಯ ಮರೆತಿರಲಿಲ್ಲ.

ಸಲಿಗೆ ಮೊದಲು ನುಸುಳಿದ್ದು ಟೆಲೆಕ್ಸಿನಲ್ಲಿ. ಇಲ್ಲಿ ಟೈಪ್ ಮಾಡಿದರೆ ಅಲ್ಲಿಯ ಯಂತ್ರ ಆ ಕ್ಷಣವೇ ಅಚ್ಚು ಹಾಕುತ್ತಿತ್ತು, ಆ ಕಡೆಯವರು ಕೂಡಲೇ ಉತ್ತರಿಸಬಹುದಿತ್ತು. ಆಪರೇಟರುಗಳಿಗೆ ಅವರದ್ದೇ ಸಂಕ್ಷೇಪಗಳು: 'ಒಂದು ನಿಮಿಷ ತಡೆಯಿರಿ' ಅನ್ನಲು ಎಂ-ಓ-ಎಂ, ಬೀಳ್ಕೊಡಲು 'ಬಿಬಿ'. ಹೆಡ್ಡಾಫೀಸಿನ ಅಂಕಿಅಂಶ ಮುಗಿದ ಮೇಲೆ ನಮ್ಮ ಆಪರೇಟರು ರೋಮನ್ ಅಕ್ಷರದಲ್ಲೇ ಕನ್ನಡ ಕುಟ್ಟುತ್ತಿದ್ದರು. ಮಳೆ ಹಿಡಿಯಿತಾ, ಯಾರಿಗೆ ಟ್ರಾನ್ಸ್‌ಫರ್, ಯಾರ ಮಗಳ ಮದುವೆ ಎಲ್ಲ ಆ ಕಾಗದದ ಸುರುಳಿಯಲ್ಲೇ ಬರ್ತಿತ್ತು. ಬೇಕಾದ ಭಾಗ ಹರಿದು ಫೈಲಿಗೆ, ಉಳಿದದ್ದು ಕಸದ ಬುಟ್ಟಿಗೆ. ಆ ಕಸದ ಬುಟ್ಟಿ ಎಷ್ಟು ದೊಡ್ಡ ಸೌಕರ್ಯವಾಗಿತ್ತು ಅನ್ನೋದು ಈಗ ಅರ್ಥವಾಗುತ್ತದೆ.

ಅತ್ತ ಅಮೆರಿಕದಲ್ಲಿ 1971ರಲ್ಲೇ ರೇ ಟಾಮ್ಲಿನ್ಸನ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಜಾಲದ ಮೂಲಕ ಇ-ಮೇಲ್ ಕಳಿಸಿದ್ದರು. ವಿಳಾಸದ ನಡುವೆ ಬರುವ ಸುರುಳಿ 'ಅ'ದಂಥ ಚಿಹ್ನೆಯನ್ನು ಆರಿಸಿದ್ದೂ ಅವರೇ. ಬರಹದಲ್ಲಿ ಹರಟೆ ಶುರುವಾದೊಡನೆ ಅದರ ತೊಡಕೂ ಶುರುವಾಯಿತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ನೋಟೀಸು ಬೋರ್ಡಿನಲ್ಲಿ ಲಿಫ್ಟಿನಲ್ಲಿ ಪಾದರಸ ಚೆಲ್ಲಿದೆ ಅಂತ ಯಾರೋ ತಮಾಷೆಗೆ ಬರೆದರೆ, ಕೆಲವರು ನಿಜವೆಂದೇ ತಿಳಿದರಂತೆ. ಆಗ ಸ್ಕಾಟ್ ಫಾಲ್‌ಮನ್ ಎಂಬ ವಿಜ್ಞಾನಿ 1982ರ ಸೆಪ್ಟೆಂಬರ್ 19ರಂದು, ತಮಾಷೆಯ ಮುಂದೆ ನಗುಮುಖದ ಗುರುತು ಹಾಕಿ ಎಂದು ಸೂಚಿಸಿದರು: :-) ಹೀಗೆ. ಇವತ್ತಿನ ಇಮೋಜಿಗಳೆಲ್ಲ ಆ ಗುರುತಿನ ನೆಂಟರು. ನೋಡಿ, ಎದುರು ಕೂತು ಮಾತಾಡುವಾಗ ಮುಖವೇ ಮಾಡುತ್ತಿದ್ದ ಕೆಲಸವನ್ನು ಒಂದು ಚಿಹ್ನೆಗೆ ವಹಿಸಬೇಕಾಯಿತು.

ನಮ್ಮಲ್ಲಿ ವಿ.ಎಸ್.ಎನ್.ಎಲ್. ಜನಸಾಮಾನ್ಯರಿಗೆ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ಮರುವರ್ಷ ಜುಲೈ 4ರಂದು ಹಾಟ್‌ಮೇಲ್ ಬಂತು. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರು ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ, ಇನ್ನೊಬ್ಬರು ಜ್ಯಾಕ್ ಸ್ಮಿತ್. ಇಬ್ಬರೂ ಒಂದೇ ಕಡೆ ನೌಕರಿಯಲ್ಲಿದ್ದರು. ಆಫೀಸಿನಿಂದ ತಮ್ಮ ಖಾಸಗಿ ಇ-ಮೇಲ್ ನೋಡಲಾಗುತ್ತಿರಲಿಲ್ಲ, ಆಫೀಸಿನ ಇ-ಮೇಲ್ ಬಳಸಿದರೆ ಮೇಲಿನವರ ಕಣ್ಣಿಗೆ ಬೀಳುವ ಅಂಜಿಕೆ. ಆ ಪೇಚಿನಿಂದಲೇ ಎಲ್ಲಿಂದ ಬೇಕಾದರೂ ತೆರೆಯಬಹುದಾದ ಅಂಚೆಪೆಟ್ಟಿಗೆಯ ಯೋಚನೆ ಹುಟ್ಟಿತು. ಸಾಹೇಬರ ಕಣ್ಣು ತಪ್ಪಿಸಿ ಮಾತಾಡುವ ಆಸೆ ಎಲ್ಲ ದೇಶದ ಗುಮಾಸ್ತರಿಗೂ ಒಂದೇ, ಅಲ್ವೇ? 1997ರ ಕೊನೆಗೆ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು.

ಕಾನೂನೂ ಹಿಂದೆ ಬೀಳಲಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಎಲೆಕ್ಟ್ರಾನಿಕ್ ದಾಖಲೆಗೆ ಮಾನ್ಯತೆ ಕೊಟ್ಟಿತು. ನಾವು ಪರೀಕ್ಷೆಗೆ ಓದಿದ್ದ 1891ರ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಆ್ಯಕ್ಟಿಗೂ ಅದರಿಂದ ತಿದ್ದುಪಡಿಯಾಗಿ, ಲೆಡ್ಜರಿನ ಪಕ್ಕ ಕಂಪ್ಯೂಟರಿನ ಪ್ರಿಂಟೌಟೂ ಸಾಕ್ಷಿಯಾಗಿ ನಿಂತಿತು.

ಆಮೇಲೆ ವಾಟ್ಸಾಪ್. 2009ರಲ್ಲಿ ಶುರುವಾಗಿ, 2014ರ ನವೆಂಬರಿನಲ್ಲಿ ನೀಲಿ ಟಿಕ್ ತಂದಿತು. ಬ್ರಾಂಚಿಗೊಂದು, ರೀಜನಿಗೊಂದು ಗ್ರೂಪು. ಬೆಳಿಗ್ಗೆ ದೇವರ ಚಿತ್ರ, ಮಧ್ಯಾಹ್ನ ಡಿಪಾಜಿಟ್ ಟಾರ್ಗೆಟ್, ರಾತ್ರಿ ಹತ್ತಕ್ಕೆ 'ಯಾಕೆ ಆಗಿಲ್ಲ?' ಎಂಬ ಪ್ರಶ್ನೆ, ಎಲ್ಲ ಒಂದೇ ಗ್ರೂಪಿನಲ್ಲಿ. ಓದಿಲ್ಲ ಅನ್ನುವಂತಿಲ್ಲ, ಟಿಕ್ ನೀಲಿಯಾಗಿರುತ್ತೆ. 2018ರಲ್ಲಿ ಬಾಂಬೆ ಹೈಕೋರ್ಟು ಒಂದು ಸಾಲವಸೂಲಿ ಪ್ರಕರಣದಲ್ಲಿ, ವಾಟ್ಸಾಪಿನಲ್ಲಿ ಕಳಿಸಿದ ನೋಟೀಸು ತಲುಪಿದೆ, ತೆರೆದೂ ನೋಡಿದ್ದಾರೆ ಅಂತ ಆ ಟಿಕ್‌ಗಳ ಆಧಾರದ ಮೇಲೇ ಒಪ್ಪಿತು. ಪರಿಚಯದ ಹುಡುಗನೊಬ್ಬ ತನ್ನ ಆಫೀಸಿನ ಗೆಳೆಯರ ಗ್ರೂಪಿನಲ್ಲಿ ಮ್ಯಾನೇಜರ ಬಗ್ಗೆ ಹಾಕಿದ ತಮಾಷೆ, ಯಾರೋ ಫಾರ್ವರ್ಡ್ ಮಾಡಿ, ಮೂರನೇ ದಿನ ಮೆಮೋ ಆಗಿ ಅವನ ಟೇಬಲ್ಲಿಗೆ ಬಂತು. ಅದೇ ಮಾತನ್ನು ನಮ್ಮ ಕಾಲದಲ್ಲಿ ಕ್ಯಾಂಟೀನಿನಲ್ಲಿ ಆಡಿದ್ದರೆ ಮ್ಯಾನೇಜರೂ ನಕ್ಕು ಬಿಡುತ್ತಿದ್ದರೇನೋ.

ಇನ್ನೊಂದು ಸೂಕ್ಷ್ಮ ನಮ್ಮ ಭಾಷೆಯದ್ದು. ಇಂಗ್ಲಿಷ್ ಇ-ಮೇಲಿನಲ್ಲಿ ಜವಾನನಿಗೂ ಜನರಲ್ ಮ್ಯಾನೇಜರಿಗೂ ಒಂದೇ 'ಯೂ'. ಕನ್ನಡದಲ್ಲಿ ಟೈಪ್ ಮಾಡಲು ಕೂತರೆ 'ಬಂದ್ಯಾ' ಅನ್ನಬೇಕೋ 'ಬಂದ್ರಾ' ಅನ್ನಬೇಕೋ ತೀರ್ಮಾನಿಸಲೇಬೇಕು. ಮುಂಬಯಿ ಹಿಂದಿಯಲ್ಲಿ ಎಲ್ಲರಿಗೂ 'ತುಮ್' ಅಂದು ಅಭ್ಯಾಸವಾದ ನಮ್ಮ ಹುಡುಗರು ಊರಿನಿಂದ ಬಂದ ಹಿರಿಯ ಸಹೋದ್ಯೋಗಿಗೆ ಏಕವಚನದಲ್ಲಿ ಬರೆದಾಗ ಅವರಿಗೆ ಚುಚ್ಚುತ್ತದೆ. ಆಡಿದರೆ ದನಿಯಲ್ಲಿ ಪ್ರೀತಿ ಕೇಳುತ್ತಿತ್ತು, ಬರಹದಲ್ಲಿ ಬರೀ ಏಕವಚನ ಕಾಣುತ್ತದೆ.

ಹಾಗಂತ ದೂರುವುದಷ್ಟೇ ನನ್ನ ಉದ್ದೇಶವಲ್ಲ. ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳು ನಮ್ಮಂಥ ಸಾವಿರಾರು ಜನರನ್ನು ಮುಂಬಯಿಗೆ ಕರೆತಂದವು. ಆ ಪೈಕಿ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ, ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಬೋರ್ಡುಗಳು ಇಳಿದವು, ಹಳೆಯ ಸಹೋದ್ಯೋಗಿಗಳ ಗ್ರೂಪುಗಳು ಉಳಿದವು. ಆ ಎರಡನೇ ಏಪ್ರಿಲ್ ಲಾಕ್‌ಡೌನಿನ ನಡುವೆ ಬಂತು. ಆಗ ಯಾರಿಗೆ ಔಷಧಿ ಬೇಕು, ಯಾರು ಮನೆಯಲ್ಲಿ ಒಬ್ಬರೇ ಇದ್ದಾರೆ ಅನ್ನೋದು ನಮಗೆ ತಿಳಿಯುತ್ತಿದ್ದದ್ದು ಆ ಗ್ರೂಪುಗಳಿಂದಲೇ. ಪರಊರಿನಲ್ಲಿ ಇದ್ದವರಿಗೆ ಇದು ಸಣ್ಣ ಉಪಕಾರವಲ್ಲ.

ಫ್ರಾನ್ಸಿನಲ್ಲಿ 2017ರ ಜನವರಿ 1ರಿಂದ, ಡ್ಯೂಟಿ ಮುಗಿದ ಮೇಲೆ ಫೋನು, ಮೇಲುಗಳಿಂದ ಬಿಡುವು ಪಡೆಯುವ ಹಕ್ಕು ಕಾನೂನಿಗೆ ಸೇರಿತು. ನಮ್ಮ ಲೋಕಸಭೆಯಲ್ಲೂ 2018ರಲ್ಲಿ ಸುಪ್ರಿಯಾ ಸುಳೆಯವರು ಅಂಥದೊಂದು ಖಾಸಗಿ ಮಸೂದೆ ಮಂಡಿಸಿದ್ದರು, ಅದು ಕಾನೂನಾಗಲಿಲ್ಲ. ಕಾನೂನು ಬರಲಿ, ಬಿಡಲಿ, ಕೆಲಸದಲ್ಲಿರುವ ಮಕ್ಕಳಿಗೆ ನಾನು ಹೇಳೋದು ಇಷ್ಟೇ: ಲೆಕ್ಕ, ಆದೇಶ, ಒಪ್ಪಿಗೆ ಇದ್ದರೆ ಮೇಲಿನಲ್ಲೇ ಬರೆಯಿರಿ. ಸಿಟ್ಟು ಬಂದರೆ, ತಮಾಷೆ ತೋಚಿದರೆ, ಎದ್ದು ಅವರ ಟೇಬಲ್ಲಿನ ತನಕ ಹೋಗಿ, ದೂರದಲ್ಲಿದ್ದರೆ ಫೋನ್ ಮಾಡಿ. ಒಟ್ಟಿಗೆ ಮೂವತ್ತು ವರ್ಷ ದುಡಿಯುವ ಜನ ಒಬ್ಬರಿಗೊಬ್ಬರು ಎಷ್ಟೋ ಮಾತು ಆಡಿರುತ್ತಾರೆ. ಅದರಲ್ಲಿ ಅರ್ಧವನ್ನಾದರೂ ಮರೆತರೆ ತಾನೇ ಮರುದಿನ ಜೊತೆಗೆ ಕೂತು ಚಹಾ ಕುಡಿಯೋಕಾಗೋದು?